ಕೋಲಾರದ ದೂಳು, ಕಾಂಟೆಸಾದ ಕಪ್ಪು ಬಣ್ಣ: ಆಪ್ಟಿಮಮ್ ನೋ ರಿನ್ಸ್ ದ್ರಾವಣದ ದೀರ್ಘ ಬಳಕೆಯ ವಿಮರ್ಶೆ

ಹವ್ಯಾಸಕ್ಕೆಂದು ಇಟ್ಟುಕೊಂಡ ಕಾರಿನ ಬಣ್ಣಕ್ಕೆ ರಸ್ತೆಗಿಂತ ಶೆಡ್ಡಿನಲ್ಲೇ ಹೆಚ್ಚು ಅಪಾಯವಿದೆ. ನೀರಿಗೆ ಬೆರೆಸಿ ಕಾರು ಒರೆಸಿದರೆ ಮತ್ತೆ ನೀರು ಹಾಯಿಸಿ ತೊಳೆಯಬೇಕಿಲ್ಲದ, ಆಪ್ಟಿಮಮ್ ನೋ ರಿನ್ಸ್ ಎಂಬ ದ್ರಾವಣವನ್ನು ಕೆಲವು ವರ್ಷಗಳಿಂದ ಬಳಸುತ್ತ ಬಂದ ನನ್ನಲ್ಲಿ ಈ ಅಭಿಪ್ರಾಯ ಗಟ್ಟಿಯಾಗಿ ನೆಲೆಸಿದೆ. ವಾರಗಟ್ಟಲೆ ನಿಂತ ಕಾರಿನ ಮೇಲೆ ತೆಳ್ಳನೆಯ ದೂಳು ಕೂರುತ್ತದೆ. ಶಟರ್ ಎತ್ತಿದ ಕೂಡಲೇ ಕೈಗೆ ಸಿಕ್ಕ ಬಟ್ಟೆಯಲ್ಲಿ ಅದನ್ನು ಒರೆಸಿಬಿಡೋಣ ಎನಿಸುತ್ತದೆ. ಬಣ್ಣದ ಮೇಲೆ ಗೀರು ಬೀಳುವುದು ಹಾಗೆ ಒಣಗಿದ್ದಂತೆಯೇ ಒರೆಸಿದಾಗ. ಆ ಒಣ ಒರೆಸುವಿಕೆಯನ್ನು ನಮ್ಮ ಮನೆಯಲ್ಲಿ ಪೂರ್ತಿ ನಿಲ್ಲಿಸಿದ ವಸ್ತು ಇದು ಎಂಬ ಕಾರಣಕ್ಕೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನನ್ನ ಬಳಿ ಇರುವುದು ಇಸುಜು 1.8 ಲೀಟರ್ ಎಂಜಿನ್ನಿನ ಕಾಂಟೆಸಾ ಕ್ಲಾಸಿಕ್. ಹಿಂದೂಸ್ತಾನ್ ಮೋಟರ್ಸ್ 1984ರಿಂದ 2002ರವರೆಗೆ ತಯಾರಿಸಿದ ಈ ಕಾರಿನ ಮೂಲ ವಿನ್ಯಾಸ ಬ್ರಿಟನ್ನಿನ ವಾಕ್ಸ್‌ಹಾಲ್‌ನದು. ಉದ್ದನೆಯ ಮಟ್ಟಸವಾದ ಬಾನೆಟ್, ಅಷ್ಟೇ ಮಟ್ಟಸವಾದ ಡಿಕ್ಕಿ, ಮೇಲೆ ಕಪ್ಪು ಬಣ್ಣ; ಸಣ್ಣ ಗೀರೊಂದೂ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಹಿಂದಿನ ಮಾಲೀಕರು ತಿಂಗಳಿಗೊಮ್ಮೆ ವಾಟರ್ ಸರ್ವಿಸ್‌ಗೆ ಬಿಡುತ್ತಿದ್ದರಂತೆ. ಅಲ್ಲಿ ಎಲ್ಲ ಗಾಡಿಗಳಿಗೂ ಒಂದೇ ಸ್ಪಂಜು, ಒಂದೇ ಬಕೆಟ್ಟು. ಕಾರು ನನ್ನ ಕೈಗೆ ಬಂದಾಗ ಬಿಸಿಲಿನಲ್ಲಿ ಬಾನೆಟ್ಟಿನ ತುಂಬ ಜೇಡರ ಬಲೆ ಹೆಣೆದಂತೆ ಕಾಣುತ್ತಿತ್ತು. ಊರಿನ ಪೇಂಟರೊಬ್ಬರು ಹಳೆಯ ಬಣ್ಣ ತೆಗೆದು ಬೇಸ್ ಕೋಟ್ ಹೊಡೆದು, ಅದರ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವನ್ನು ಕಾಯುವ ಪಾರದರ್ಶಕ ಪದರ, ಹಾಕಿಕೊಟ್ಟರು. ಗಾಡಿ ಕೊಡುವಾಗ ಅವರು ಹೇಳಿದ ಮಾತು, "ಸಾರ್, ತಿಂಗಳು ಪೂರ್ತಿ ತೊಳೀದಿದ್ರೂ ಪರವಾಗಿಲ್ಲ, ದಿನಾ ಬಟ್ಟೆ ಮಾತ್ರ ಹಾಕ್ಬೇಡಿ." ಬಣ್ಣದ ಬಗ್ಗೆ ನನಗೆ ಸಿಕ್ಕ ಸಲಹೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಕಾರುಪ್ರಿಯರು ಸ್ವರ್ಲ್ ಎಂದು ಕರೆಯುವ ಸುಳಿಗೀರುಗಳು ನಿಜಕ್ಕೂ ಸುಳಿಯಾಕಾರದಲ್ಲಿರುವುದಿಲ್ಲ. ಅವು ಎಲ್ಲ ದಿಕ್ಕಿಗೂ ಹರಡಿದ ಸಾವಿರಾರು ನವಿರು ಗೀರುಗಳು. ಬೆಳಕಿಗೆ ಅಡ್ಡಲಾಗಿರುವ ಗೀರುಗಳು ಮಾತ್ರ ಹೊಳೆದು ಕಣ್ಣಿಗೆ ಬೀಳುವುದರಿಂದ ಸೂರ್ಯನ ಅಥವಾ ಬಲ್ಬಿನ ಪ್ರತಿಬಿಂಬದ ಸುತ್ತ ಬಳೆಗಳಂತೆ ಕಾಣುತ್ತವೆ. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ಅವು ಕಾಣುವುದೇ ಇಲ್ಲ, ಆದ್ದರಿಂದ ಶೆಡ್ಡಿನಲ್ಲಿ ಚೆನ್ನಾಗಿ ಕಂಡ ಕಾರು ಪೆಟ್ರೋಲ್ ಬಂಕಿನ ಬಿಸಿಲಿಗೆ ಬಂದಾಗ ಬೇರೆಯೇ ಆಗಿ ಕಾಣುತ್ತದೆ. ಸಣ್ಣ ಎಲ್‌ಇಡಿ ಟಾರ್ಚ್ ಒಂದಿದ್ದರೆ ಬಣ್ಣದ ನಿಜಸ್ಥಿತಿ ತಿಳಿಯುತ್ತದೆ. ಕಾರ್ಖಾನೆಯಲ್ಲಿ ಹಾಕಿದ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪವಿರುತ್ತದೆ, ಅಂದರೆ ತಲೆಗೂದಲಿಗಿಂತಲೂ ತೆಳು. ರಬ್ಬಿಂಗ್ ಪಾಲಿಶ್ ಹೊಡೆಸಿದಾಗಲೆಲ್ಲ ಅದರಲ್ಲಿ ಒಂದಿಷ್ಟು ಸವೆದುಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ.

ನಮ್ಮ ಜಿಲ್ಲೆಯ ದೂಳಿನ ಗುಣವನ್ನೂ ಇಲ್ಲಿ ಹೇಳಬೇಕು. ಕೋಲಾರದ ನೆಲ ಗ್ರಾನೈಟ್ ಮತ್ತು ನೈಸ್ ಬಂಡೆಗಳದ್ದು. ಕಲ್ಲು ಕ್ವಾರಿಗಳೂ ಜಲ್ಲಿ ಕ್ರಷರ್‌ಗಳೂ ಸಾಕಷ್ಟಿವೆ. ಈ ಕಲ್ಲಿನಲ್ಲಿರುವ ಬೆಣಚು ಮೋಹ್ಸ್ ಗಡಸುತನದ ಅಳತೆಯಲ್ಲಿ 7, ಫೆಲ್ಡ್‌ಸ್ಪಾರ್ 6. ಅಡುಗೆಮನೆಯ ಚಾಕುವಿನ ಉಕ್ಕು ಐದೂವರೆಯ ಆಸುಪಾಸಿನದು. ಉಕ್ಕನ್ನೇ ಗೀಚಬಲ್ಲ ಪುಡಿಯನ್ನು ಒಣಬಟ್ಟೆಯ ಕೆಳಗಿಟ್ಟು ಕ್ಲಿಯರ್ ಕೋಟ್ ಮೇಲೆ ಎಳೆದಾಡಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಗ್ಯಾರೇಜುಗಳಲ್ಲಿ ಬಳಸುವ ಬನಿಯನ್ ವೇಸ್ಟ್ ಇರಲಿ, ಮೇಣ ಹಚ್ಚಿದ ಉದ್ದ ಎಳೆಗಳ ಡಸ್ಟರ್ ಇರಲಿ, ಈ ವಿಷಯದಲ್ಲಿ ನನಗೆ ಎರಡೂ ಒಂದೇ. ಡಸ್ಟರ್ ಕೊಂಚ ನಿಧಾನವಾಗಿ ಗೀಚುತ್ತದೆ, ಅಷ್ಟೇ.

ಹಾಗಾದರೆ ಪೈಪು ಹಿಡಿದು ನೀರು ಹಾಯಿಸಿ ತೊಳೆಯಬಹುದಲ್ಲ ಎಂದರೆ, ಅಲ್ಲೂ ತೊಡಕಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ಒಂದು ಕಾರಿಗೆ ನೂರಾರು ಲೀಟರ್ ನೀರು ಸುರಿಯಲು ಮನಸ್ಸು ಬರುವುದಿಲ್ಲ. ಬಂದರೂ ಆ ನೀರು ಕೊಳವೆಬಾವಿಯದು. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಮೀರದಿರುವುದು ಒಳಿತು ಎಂಬುದು ಭಾರತೀಯ ಮಾನಕ ಬ್ಯೂರೋದ ಮಾನದಂಡ. ನಮ್ಮ ಮನೆಯ ನೀರಿಗೆ ಟಿಡಿಎಸ್ ಮೀಟರ್ ಅದ್ದಿದರೆ ಹತ್ತಿರ ಹತ್ತಿರ ಅದರ ಎರಡರಷ್ಟು ತೋರಿಸುತ್ತದೆ. ಕಪ್ಪು ಬಾನೆಟ್ ಮೇಲೆ ಒಣಗಿದ ಒಂದೊಂದು ಹನಿಯೂ ಅಂಚಿನಲ್ಲಿ ಬಿಳಿಯ ಉಂಗುರವನ್ನು ಉಳಿಸಿ ಹೋಗುತ್ತದೆ, ಅದನ್ನು ತೆಗೆಯಲು ಮತ್ತೆ ಉಜ್ಜಬೇಕು, ಉಜ್ಜಿದರೆ ಮತ್ತೆ ಗೀರು. ಹಳೆಯ ಕಾರಿಗೆ ಇನ್ನೂ ದೊಡ್ಡ ತೊಂದರೆಯೊಂದಿದೆ. ಗಾಜಿನ ಬೀಡಿಂಗ್ ಸಂದಿಯಲ್ಲಿ, ಬಾಗಿಲಿನ ತಳದಲ್ಲಿ, ಸಿಲ್ ಒಳಗೆ ಸೇರಿಕೊಂಡ ನೀರು ದಿನವೂ ಓಡಾಡುವ ಗಾಡಿಯಲ್ಲಾದರೆ ಗಾಳಿಗೂ ಎಂಜಿನ್ನಿನ ಬಿಸಿಗೂ ಒಣಗುತ್ತದೆ. ತೊಳೆದು ನೇರವಾಗಿ ಶೆಡ್ಡಿಗೆ ಹೋಗುವ ಗಾಡಿಯಲ್ಲಿ ಅದು ಅಲ್ಲೇ ನಿಂತು ತುಕ್ಕು ಹಿಡಿಸುತ್ತದೆ. ಬ್ರೇಕ್ ಡ್ರಮ್ಮಿನೊಳಗೆ ತೇವ ಉಳಿದು, ಎಳೆದಿಟ್ಟ ಹ್ಯಾಂಡ್‌ಬ್ರೇಕ್ ಕಚ್ಚಿಕೊಳ್ಳುವುದೂ ಉಂಟು. ಬಣ್ಣದ ಹೊಳಪಿಗಿಂತ ಈ ತುಕ್ಕಿನ ಭಯವೇ ನನ್ನನ್ನು ನೀರು ಹಾಯಿಸದೆ ತೊಳೆಯುವ ಈ ರಿನ್ಸ್‌ಲೆಸ್ ವಾಶ್ ಕಡೆಗೆ ಹೆಚ್ಚಾಗಿ ಎಳೆದದ್ದು.

ದ್ರಾವಣ ನೀಲಿ ಬಣ್ಣದ್ದು. ತೊಳೆಯಲು ತಯಾರಕರು ಹೇಳುವ ಪ್ರಮಾಣ ಒಂದು ಪಾಲು ದ್ರಾವಣಕ್ಕೆ 256 ಪಾಲು ನೀರು. ನಾನು ಬಳಸುವುದು ಐದು ಲೀಟರ್ ನೀರು, ಅದಕ್ಕೆ 20 ಎಂಎಲ್ ದ್ರಾವಣ ಸಾಕು. ಕೆಮ್ಮಿನ ಔಷಧಿಯ ಜೊತೆ ಬರುವ ಅಳತೆಯ ಲೋಟದಲ್ಲಿ ಎರಡು ಸಲ ಹಾಕಿದರೆ ಲೆಕ್ಕ ಸರಿಯಾಗುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಶುಚಿಯಾಗುವುದಿಲ್ಲ, ಗಾಜಿನ ಮೇಲೆ ಮಸುಕು ಉಳಿಯುತ್ತದೆ. ನೀರನ್ನು ಮಾತ್ರ ನಾನು ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದಿಂದ ತರುತ್ತೇನೆ. ಐದು ಲೀಟರಿನಲ್ಲಿ ಇಡೀ ಕಾರಿನ ಕೆಲಸ ಮುಗಿಯುವುದರಿಂದ ಒಂದು ಕ್ಯಾನ್ ನೀರಿನಲ್ಲಿ ನಾಲ್ಕು ಸಲ ತೊಳೆಯಬಹುದು, ಬಿಳಿ ಉಂಗುರಗಳ ಕಾಟವೂ ಇರುವುದಿಲ್ಲ.

ಕೆಲಸದ ಕ್ರಮ ಹೀಗಿದೆ. ಮೊದಲು ಬ್ಲೋಯರ್ ಹಿಡಿದು ಸಡಿಲವಾದ ದೂಳನ್ನು ಹಾರಿಸುತ್ತೇನೆ. ಆಮೇಲೆ ಗಿಡಗಳಿಗೆ ಔಷಧಿ ಹೊಡೆಯುವ ಎರಡು ಲೀಟರಿನ ಕೈಪಂಪಿನಲ್ಲಿ ಅದೇ ದ್ರಾವಣ ತುಂಬಿ, ಒಂದು ಬದಿಯ ಮೇಲೆ ಚೆನ್ನಾಗಿ ಸಿಂಪಡಿಸಿ ಒಂದೆರಡು ನಿಮಿಷ ಬಿಡುತ್ತೇನೆ. ದ್ರಾವಣದ ಪಾಲಿಮರ್ ದೂಳಿನ ಕಣಗಳನ್ನು ಹಿಡಿದುಕೊಂಡು ಅವುಗಳಿಗೂ ಬಣ್ಣಕ್ಕೂ ನಡುವೆ ಜಾರುವ ಪದರವೊಂದನ್ನು ಒದಗಿಸುತ್ತದೆ. ಈ ನೆನೆಸುವ ಹಂತವನ್ನು ಬಿಟ್ಟರೆ ದ್ರಾವಣ ಕೊಂಡ ಹಣ ವ್ಯರ್ಥ. ಬಕೆಟ್ಟಿನಲ್ಲಿ ಏಳೆಂಟು ಮೈಕ್ರೋಫೈಬರ್ ಬಟ್ಟೆಗಳು ನೆನೆಯುತ್ತಿರುತ್ತವೆ. ಒಂದನ್ನು ತೆಗೆದು, ಹಿಂಡದೆ, ಎರಡು ಸಲ ಮಡಚಿದರೆ ಒಳಗೂ ಹೊರಗೂ ಸೇರಿ ಎಂಟು ಮಗ್ಗುಲು ಸಿಗುತ್ತವೆ. ಒಂದು ಮಗ್ಗುಲಿನಿಂದ ಮೇಲಿನ ಒಂದು ಭಾಗವನ್ನು ನೇರ ಗೆರೆಯಲ್ಲಿ, ಕೈಯ ಭಾರ ಹಾಕದೆ ಎಳೆದು, ಮಗ್ಗುಲು ಬದಲಿಸಬೇಕು. ಎಳೆದ ಮಗ್ಗುಲನ್ನು ತಿರುಗಿಸಿ ನೋಡಿದರೆ ಅಂಚಿನುದ್ದಕ್ಕೂ ಬೂದುಬಣ್ಣದ ಪಟ್ಟಿಯೊಂದು ಕಾಣುತ್ತದೆ. ಅದೇ ಬೆಣಚಿನ ಪುಡಿ, ಆದ್ದರಿಂದ ಆ ಮಗ್ಗುಲು ಮತ್ತೆ ಬಣ್ಣವನ್ನು ಮುಟ್ಟಬಾರದು. ಎಂಟೂ ಮುಗಿದ ಬಟ್ಟೆ ಬಕೆಟ್ಟಿಗೆ ಮರಳುವುದಿಲ್ಲ, ಬೇರೆ ಟಬ್ಬಿಗೆ ಹೋಗುತ್ತದೆ. ಚಾವಣಿಯಿಂದ ಶುರುಮಾಡಿ ಬಾಗಿಲಿನ ಕೆಳಭಾಗಕ್ಕೆ ಕೊನೆಯಲ್ಲಿ ಬರಬೇಕು, ಚಕ್ರಗಳಿಗೆ ಪ್ರತ್ಯೇಕ ಬಟ್ಟೆ. ಒರೆಸಿದ ಭಾಗ ಒಣಗುವ ಮೊದಲೇ ದಪ್ಪ ಟವೆಲನ್ನು ಹಾಸಿ ಮೆಲ್ಲಗೆ ಎಳೆದುಕೊಂಡರೆ ಮುಗಿಯಿತು. ಉಳಿದ ನೀರಿನಲ್ಲಿ ಬಾಗಿಲಿನ ಸಂದಿಗಳನ್ನೂ ಆಮೇಲೆ ಶೆಡ್ಡಿನ ನೆಲವನ್ನೂ ಒರೆಸುತ್ತೇನೆ.

ಇಷ್ಟು ಕಾಲ ಬಳಸಿದ ಮೇಲೆ ಹೇಳುವುದಾದರೆ, ಫಲಿತಾಂಶದಲ್ಲಿ ದ್ರಾವಣಕ್ಕಿಂತ ಬಟ್ಟೆಗಳ ಪಾತ್ರವೇ ದೊಡ್ಡದು. ದುಬಾರಿ ದ್ರಾವಣ ತಂದು, ಸಿಗ್ನಲ್‌ನಲ್ಲಿ ಮಾರುವ ಹಳದಿ ಬಟ್ಟೆಯಲ್ಲಿ ಒರೆಸಿದರೆ ಗೀರು ಖಂಡಿತ. ಮೈಕ್ರೋಫೈಬರ್ ಎಂಬುದು ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಳೆಗಳನ್ನು ಸೀಳಿ ಮಾಡಿದ ಬಟ್ಟೆ. 80-20 ಅಥವಾ 70-30ರ ಮಿಶ್ರಣ, ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) 350ರ ಮೇಲಿರುವುದು, ಅಂಚಿನಲ್ಲಿ ಗಟ್ಟಿ ಹೊಲಿಗೆ ಇಲ್ಲದಿರುವುದು ನನಗೆ ಒಗ್ಗಿದೆ. ಲೇಬಲ್ ಇದ್ದರೆ ಮೊದಲ ದಿನವೇ ಕತ್ತರಿಸಿ ತೆಗೆಯಬೇಕು. ಇವನ್ನು ಮನೆಯ ಹತ್ತಿ ಬಟ್ಟೆಗಳೊಂದಿಗೆ ಒಗೆಯಬಾರದು, ಹತ್ತಿಯ ನಾರೆಲ್ಲ ಇವುಗಳಿಗೆ ಅಂಟಿಕೊಳ್ಳುತ್ತದೆ. ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಎಳೆಗಳ ಮೇಲೆ ಜಿಡ್ಡಿನ ಪದರ ಕೂತು ನೀರು ಹೀರುವ ಗುಣ ಹೋಗುತ್ತದೆ. ತಾರಸಿಯ ಹಗ್ಗದ ಮೇಲೆ ಒಣಹಾಕುವುದು ನಮ್ಮೂರಿನಲ್ಲಿ ಆಗದ ಮಾತು, ಏಕೆಂದರೆ ಬೇಸಿಗೆಯ ಗಾಳಿ ಹಾರಿಸಿ ತಂದ ದೂಳೂ ಹುಲ್ಲಿನ ಮುಳ್ಳುಗಳೂ ಒದ್ದೆ ಬಟ್ಟೆಯ ನವಿರಿನೊಳಗೆ ಸಿಕ್ಕಿಕೊಂಡು ಕೈಗೆ ತಿಳಿಯುವುದೇ ಇಲ್ಲ. ಕೋಣೆಯೊಳಗೆ ಫ್ಯಾನಿನ ಕೆಳಗೆ ಒಣಗಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಇಡುವುದು ಕ್ಷೇಮ. ಒಮ್ಮೆ ನೆಲಕ್ಕೆ ಬಿದ್ದ ಬಟ್ಟೆ ನನ್ನಲ್ಲಿ ಆ ಕ್ಷಣದಿಂದ ಚಕ್ರದ ಬಟ್ಟೆ.

ದ್ರಾವಣದ ಮಿತಿಗಳು ಸ್ಪಷ್ಟವಾಗಿವೆ. ಮಳೆಗಾಲದಲ್ಲಿ ಮುಳಬಾಗಿಲಿನ ಕಡೆ ಹೋಗಿ ಬಂದ ಕಾರಿನ ಬಾಗಿಲಿಗೆ ಕೆಮ್ಮಣ್ಣಿನ ರಾಡಿ ಮೆತ್ತಿಕೊಂಡಿದ್ದರೆ ಇದರಿಂದ ನೇರವಾಗಿ ತೊಳೆಯಬಾರದು. ಪ್ರೆಶರ್ ವಾಷರ್‌ನಿಂದ ರಾಡಿಯನ್ನು ಬಿಡಿಸಿದ ಮೇಲೆಯೇ ಬಟ್ಟೆ ಮುಟ್ಟಿಸಬೇಕು. ಟಾರು ಇದರಿಂದ ಹೋಗುವುದಿಲ್ಲ. ಈಗಾಗಲೇ ಇರುವ ಸುಳಿಗೀರುಗಳನ್ನೂ ಇದು ತೆಗೆಯುವುದಿಲ್ಲ, ಅದಕ್ಕೆ ಡ್ಯುಯಲ್ ಆಕ್ಷನ್ ಪಾಲಿಶರ್ ಹಿಡಿಯಬಲ್ಲ ಕೈ ಬೇಕು. ಒಮ್ಮೆ ಸರಿಯಾಗಿ ಪಾಲಿಶ್ ಮಾಡಿಸಿ, ಆಮೇಲೆ ಮತ್ತೆ ಅದರ ಅಗತ್ಯ ಬಾರದಂತೆ ನೋಡಿಕೊಳ್ಳುವುದಕ್ಕೆ ಈ ದ್ರಾವಣ. ಹಳೆಯ ಕಾಲದ, ಕ್ಲಿಯರ್ ಕೋಟ್ ಇಲ್ಲದ ಬಣ್ಣದ ಮೇಲೆ ಪಾಲಿಶ್ ಮಾಡುವ ಕಾಂಪೌಂಡ್ ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತದೆ, ಅಂಥ ಕಾರುಗಳಿಗಂತೂ ಉಜ್ಜುವುದನ್ನು ಕಡಿಮೆ ಮಾಡುವ ಇಂಥ ಕ್ರಮ ಇನ್ನಷ್ಟು ಅಗತ್ಯ.

ನನಗೆ ಅನಿರೀಕ್ಷಿತವಾಗಿ ಒದಗಿದ ಉಪಯೋಗವೊಂದಿದೆ. ಮಾವು ಹೂಬಿಡುವ ಕಾಲದಲ್ಲಿ ಶ್ರೀನಿವಾಸಪುರದ ತೋಟಗಳಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿದರೆ, ಹೂಗೊಂಚಲಿನ ರಸ ಹೀರುವ ಜಿಗಿಹುಳುಗಳು ಸ್ರವಿಸುವ ಅಂಟು ಸಾಸಿವೆ ಗಾತ್ರದ ಚುಕ್ಕೆಗಳಾಗಿ ಚಾವಣಿ, ಗಾಜುಗಳ ಮೇಲೆಲ್ಲ ಬೀಳುತ್ತದೆ. ಅದರ ಮೇಲೆ ದೂಳು ಕೂತರೆ ಉಪ್ಪುಕಾಗದದಷ್ಟು ಒರಟಾಗುತ್ತದೆ. ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ ಆ ಭಾಗದ ಮೇಲೆ ಹಾಸಿ ಐದು ನಿಮಿಷ ಬಿಟ್ಟರೆ, ಉಜ್ಜದೆಯೇ ಚುಕ್ಕೆಗಳು ಮೆತ್ತಗಾಗಿ ಬಟ್ಟೆಯೊಂದಿಗೆ ಬರುತ್ತವೆ. ಹಕ್ಕಿಯ ಹಿಕ್ಕೆಗೂ ಇದೇ ಉಪಾಯ.

ಶೆಡ್ಡಿನ ವಿಷಯದಲ್ಲಿ ನಾಲ್ಕು ಮಾತು ಹೇಳದಿದ್ದರೆ ವಿಮರ್ಶೆ ಅರ್ಧವಾಗುತ್ತದೆ. ಕಾರು ಒಳಗಿರುವಾಗ ಪೊರಕೆ ಹಿಡಿಯಬಾರದು, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಪುಡಿ ಉದುರುವ ಸಿಮೆಂಟ್ ನೆಲದ ಮೇಲೆ ಗ್ರಾನೈಟ್ ಹಾಸಿಸಿ, ಶಟರಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿದ ಮೇಲೆ ದೂಳು ಕೂರುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಬೆಚ್ಚಗಿನ ಬಾನೆಟ್ ಹುಡುಕಿಕೊಂಡು ಬರುತ್ತಿದ್ದ ಬೆಕ್ಕಿನ ದಾರಿಯೂ ಮುಚ್ಚಿತು. ಕಾರಿಗೆ ಹೊದಿಕೆ ಹಾಕುವವರು ತೊಳೆದ ಕಾರಿಗೆ ಮಾತ್ರ ಹಾಕಬೇಕು. ದೂಳಿನ ಮೇಲೆ ಹೊದಿಸಿ ಎಳೆದರೆ ಹೊದಿಕೆಯೇ ದೊಡ್ಡ ಒಣಬಟ್ಟೆಯಾಗುತ್ತದೆ.

ಮೇಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ಕಾರ್ನೂಬಾ ಮೇಣ ಹಚ್ಚುತ್ತೇನೆ. ಹೊಳಪು ಬರುತ್ತದೆ, ದೂಳು ಸುಲಭವಾಗಿ ಬಿಡುತ್ತದೆ, ಗೀರು ತಡೆಯುವ ಶಕ್ತಿ ಅದಕ್ಕಿಲ್ಲ. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಗೀರೇ ಬೀಳದು ಎಂದು ಹೇಳಿ ಹತ್ತಾರು ಸಾವಿರ ಕೇಳುವವರಿದ್ದಾರೆ. ಒಂದೆರಡು ಮೈಕ್ರಾನಿನ ಆ ಪದರದಿಂದ ತೊಳೆಯುವುದು ಸುಲಭವಾಗುತ್ತದೆ ಎಂಬುದು ನಿಜ, ಒಣಬಟ್ಟೆಯ ಗೀರಿನಿಂದ ಅದು ಕಾಪಾಡುವುದಿಲ್ಲ.

ಬೆಲೆಗೆ ಬಂದರೆ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾರ್ ಶಾಂಪೂವಿಗಿಂತ ಇದು ಹಲವು ಪಟ್ಟು ದುಬಾರಿ, ಆನ್‌ಲೈನ್‌ನಲ್ಲಿ ತರಿಸಬೇಕು. ಆದರೆ 946 ಎಂಎಲ್ ಬಾಟಲಿಯಿಂದ, ಸಲಕ್ಕೆ 20 ಎಂಎಲ್‌ನಂತೆ, 47 ಸಲ ತೊಳೆಯಬಹುದಾದ್ದರಿಂದ ಹವ್ಯಾಸದ ಕಾರಿಗೆ ಒಂದು ಬಾಟಲಿ ವರ್ಷ ದಾಟಿ ಬರುತ್ತದೆ. ದಿನವೂ ಹಳ್ಳಿಯ ಮಣ್ಣುರಸ್ತೆಯಲ್ಲಿ ಓಡಾಡುವ ಗಾಡಿಗೆ ಇದನ್ನು ಕೊಳ್ಳಿರೆಂದು ನಾನು ಹೇಳಲಾರೆ. ಶೆಡ್ಡಿನ ಕಾರಿಗೆ ಕೊಳ್ಳುವವರು ಮೊದಲು ಸಣ್ಣ ಬಾಟಲಿ ತರಿಸಿ, ಉಳಿದ ಹಣದಲ್ಲಿ ಒಂದು ಡಜನ್ ಒಳ್ಳೆಯ ಬಟ್ಟೆಗಳನ್ನು ಕೊಳ್ಳಲಿ.