ಸ್ಟಾರ್ ವಾರ್ಸ್ ಕಾಮಿಕ್ಸ್: ವೇಡರ್ ಮೊದಲೋ, ಡಾರ್ಕ್ ಎಂಪೈರ್ ಮೊದಲೋ?

ಸಿನಿಮಾ ನೋಡಿಯಾಯಿತು, ಕಾಮಿಕ್ಸ್ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಿಮ್ಮ ಮುಂದಿರುವುದು ಎರಡು: ಡಾರ್ಕ್ ಹಾರ್ಸ್ ಪ್ರಕಾಶನದ 'ಡಾರ್ಕ್ ಎಂಪೈರ್' (1991-92), ಮಾರ್ವೆಲ್ ಪ್ರಕಾಶನದ 'ಡಾರ್ತ್ ವೇಡರ್' (2015-16).

ಸಿನಿಮಾ ಕಥೆಯ ಜೊತೆ ಹೊಂದಬೇಕು ಅನ್ನುವವರಿಗೆ ವೇಡರ್ ಸರಿ. ಕಥೆ ನಡೆಯುವುದು ಮೊದಲು ತೆರೆಗೆ ಬಂದ ಎರಡು ಸಿನಿಮಾಗಳ (1977, 1980) ನಡುವೆ. ಡೆತ್ ಸ್ಟಾರ್ ಅನ್ನುವ ದೈತ್ಯ ಯುದ್ಧನೆಲೆ ಒಡೆದ ಹುಡುಗನ ಹೆಸರು ಸ್ಕೈವಾಕರ್, ಅಂದರೆ ತನ್ನದೇ ಮಗ ಅಂತ ವೇಡರ್‌ಗೆ ಗೊತ್ತಾಗುವ ಪುಟ ಇದೆಯಲ್ಲ, ಅದೊಂದೇ ಸಾಕು. ಅವನು ಕೂಗುವುದಿಲ್ಲ. ಸುಮ್ನೆ ನಿಂತಿರುತ್ತಾನೆ, ಎದುರಿನ ಕಿಟಕಿ ಗಾಜು ಬಿರುಕು ಬಿಡುತ್ತದೆ. ಮುಖವಾಡದ ಹಿಂದಿನ ಸಿಟ್ಟನ್ನು ತೋರಿಸಲು ಇನ್ನೇನು ಬೇಕು! ಡಾಕ್ಟರ್ ಆಫ್ರಾ ಅನ್ನುವ ಪುರಾತತ್ವಜ್ಞೆಯ ಪಾತ್ರ ಮೊದಲು ಬಂದದ್ದೂ ಇಲ್ಲೇ.

ಡಾರ್ಕ್ ಎಂಪೈರ್ ಹಾಗಲ್ಲ. ಸತ್ತ ಚಕ್ರವರ್ತಿ ಕ್ಲೋನ್ ದೇಹದಲ್ಲಿ ವಾಪಸ್ ಬರುತ್ತಾನೆ, ನಾಯಕ ಲ್ಯೂಕ್ ಸ್ಕೈವಾಕರ್ ಕತ್ತಲಿನ ಕಡೆಗೆ ಸೇರುತ್ತಾನೆ. 2014ರಲ್ಲಿ ಇಂಥ ಹಳೆಯ ಕಥೆಗಳನ್ನೆಲ್ಲ 'ಲೆಜೆಂಡ್ಸ್' ಅಂತ ಬೇರೆ ಇಟ್ಟರು, ಹಾಗಾಗಿ ಇದು ಈಗಿನ ಅಧಿಕೃತ ಕಥೆಯಲ್ಲ. ಅದು ತಲೆಕೆಡಿಸದಿದ್ದರೆ ಮಜಾ ಜಾಸ್ತಿ ಇಲ್ಲೇ.

ಚಿತ್ರದ ವಿಷಯ ರುಚಿಗೆ ಬಿಟ್ಟದ್ದು. ಡಾರ್ಕ್ ಎಂಪೈರ್‌ನ ಚಿತ್ರಕಾರ ಕ್ಯಾಮ್ ಕೆನೆಡಿ ಇಡೀ ಪುಟಕ್ಕೆ ಒಂದೇ ಬಣ್ಣ ಮೆತ್ತಿದ ಹಾಗೆ ಹಸಿರು, ನೇರಳೆ ಸುರಿಯುತ್ತಾರೆ. ನನಗೆ ಇಷ್ಟ, ಕೆಲವರಿಗೆ ಮುಖ ಗುರುತೇ ಸಿಗಲ್ಲ. ಸಾಲ್ವಡೋರ್ ಲರೋಕಾ ಬರೆದ ವೇಡರ್ ಸಿನಿಮಾದಿಂದ ನೇರ ಇಳಿದು ಬಂದಂತಿದೆ.

ಖರ್ಚು, ಸಮಯ? ಡಾರ್ಕ್ ಎಂಪೈರ್‌ನ ಮೊದಲ ಭಾಗ 6 ಸಂಚಿಕೆ, ಒಂದು ಭಾನುವಾರಕ್ಕೆ ಮುಗಿಯುತ್ತದೆ. ವೇಡರ್ 25. ಬಿಡಿ ಸಂಚಿಕೆ ಹುಡುಕಬೇಡಿ, ಒಟ್ಟುಗೂಡಿಸಿದ ಪುಸ್ತಕವನ್ನೇ ಕೊಳ್ಳಿ.