807ಓ 6146ಬಿಯೋ? ನಲವತ್ತು ಮೀಟರಿಗೆ ನನ್ನ ಓಟು 807ಕ್ಕೆ

807, 6146ಬಿ ಎರಡೂ ಹ್ಯಾಮ್ ರೇಡಿಯೋ ಟ್ರಾನ್ಸ್‌ಮಿಟರಿನ ಕೊನೆಯ ಹಂತದಲ್ಲಿ ಸಿಗ್ನಲ್ಲಿಗೆ ಬಲ ತುಂಬುವ ಗಾಜಿನ ವಾಲ್ವುಗಳು. ಬೆಂಗಳೂರಿನ ಎಸ್‌ಪಿ ರೋಡಿನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು 6146ಬಿ ದುಡ್ಡಿಗೆ ಮೂರು 807 ಸಿಕ್ಕವು. ಎರಡು ಬಗೆಯ ವಾಲ್ವನ್ನೂ ಅದೇ ಚಾಸಿಸ್, ಅದೇ 500 ವೋಲ್ಟ್ ಸಪ್ಲೈ ಮೇಲೆ 7 ಮೆಗಾಹರ್ಟ್ಸ್ ಮೋರ್ಸ್‌ಗೆ, ಅಂದರೆ ನಲವತ್ತು ಮೀಟರ್ ಬ್ಯಾಂಡಿಗೆ ಓಡಿಸಿದೆ. ನನಗೆ ಹಿಡಿಸಿದ್ದು 807.

ಇದನ್ನು ಅಮೆರಿಕದ ಆರ್‌ಸಿಎ ಕಂಪನಿ ತಂದದ್ದು 1936ರಲ್ಲಿ. ಆಂಪ್ಲಿಫೈಯರ್‌ಗಳಲ್ಲಿ ಕಾಣುವ 6ಎಲ್6 ವಾಲ್ವಿನ ಒಡಹುಟ್ಟು ಅನ್ನಬಹುದು. 6ಎಲ್6ನಲ್ಲಿ ಪ್ಲೇಟ್ ಕೆಳಗಿನ ಪಿನ್ನಿಗೆ ಬರುತ್ತದೆ, ಇದರಲ್ಲಿ ತಲೆಯ ಮೇಲಿನ ಟೋಪಿಗೆ. ಸಿಗ್ನಲ್ ಒಳಗೆ ಹೋಗುವ ಗ್ರಿಡ್ ಕೆಳಗೆ, ಹೊರಗೆ ಬರುವ ಪ್ಲೇಟ್ ಮೇಲೆ ಇದ್ದರೆ ವೈರಿಂಗ್ ಎಷ್ಟು ಸಲೀಸು ಅಲ್ವಾ?

ಆದರೆ 807 ತುಂಬಾ ಕಾಡಿಸಿತು. ಸಿಗ್ನಲ್ ಹುಟ್ಟಿಸುವ ಕ್ರಿಸ್ಟಲ್ ಕಿತ್ತಿಟ್ಟು ಒಂದು ಕ್ಷಣ ಮೋರ್ಸ್ ಕೀ ಒತ್ತಿದರೂ ಗ್ರಿಡ್ ಕರೆಂಟ್ ತೋರಿಸುವ ಮೀಟರಿನ ಮುಳ್ಳು ಏಳುತ್ತಿತ್ತು. ಒಣ ಮರದ ಕೋಲಿನ ತುದಿಗೆ ನಿಯಾನ್ ಬಲ್ಬ್ ಕಟ್ಟಿ ಟೋಪಿಯ ಹತ್ತಿರ ಹಿಡಿದರೆ ಕಿತ್ತಳೆ ಬಣ್ಣಕ್ಕೆ ಹೊತ್ತಿಕೊಳ್ಳುತ್ತಿತ್ತು. ಡ್ರೈವ್, ಅಂದರೆ ಒಳಗೆ ಬರುವ ಸಿಗ್ನಲ್ ಇಲ್ಲದೆ ವಾಲ್ವ್ ತಾನಾಗಿಯೇ ಆಸಿಲೇಟ್ ಆಗಿ ಬೇಡದ ಸಿಗ್ನಲ್ ಹುಟ್ಟಿಸುತ್ತಿತ್ತು. ಉದ್ದ ವೈರುಗಳೂ ವಾಲ್ವಿನ ಒಳಗಿನ ಕೆಪಾಸಿಟೆನ್ಸೂ ಸೇರಿದರೆ ವಿಎಚ್‌ಎಫ್‌ನಲ್ಲಿ (7 ಮೆಗಾಹರ್ಟ್ಸ್‌ಗಿಂತ ಬಹಳ ಮೇಲಿನ ಫ್ರೀಕ್ವೆನ್ಸಿ) ಬೇಡದ ಟ್ಯೂನ್ಡ್ ಸರ್ಕ್ಯೂಟ್ ಒಂದು ಹುಟ್ಟಿಕೊಳ್ಳುತ್ತದೆ.

ಟೋಪಿಯ ಲೀಡಿಗೆ 47 ಓಮ್ ಕಾರ್ಬನ್ ರೆಸಿಸ್ಟರ್ ಹಾಕಿ, ಅದರ ಮೈಮೇಲೆ ದಪ್ಪ ತಂತಿಯನ್ನು ಐದು ಸುತ್ತು ಸುತ್ತಿದೆ. ಮುಳ್ಳಿನ ಕುಣಿತ ಕಡಿಮೆಯಾಯಿತು, ನಿಲ್ಲಲಿಲ್ಲ. ಗ್ರಿಡ್ ಪಿನ್ನಿಗೇ ಅಂಟಿದಂತೆ ಇನ್ನೊಂದು ಸಣ್ಣ ರೆಸಿಸ್ಟರ್ ಬೆಸುಗೆ ಹಾಕಿದೆ. ಸ್ಕ್ರೀನ್ (ವಾಲ್ವಿನ ಎರಡನೇ ಗ್ರಿಡ್) ಬೈಪಾಸ್ ಕೆಪಾಸಿಟರಿನ ಕಾಲುಗಳನ್ನು ಕತ್ತರಿಸಿ ಗಿಡ್ಡ ಮಾಡಿದೆ. ಆಮೇಲೆ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಇಲ್ಲಿಗೆ ತಂತಿ ಸುತ್ತಿ ಮಾಡಿದ ವೈರ್‌ವೌಂಡ್ ರೆಸಿಸ್ಟರ್ ಮಾತ್ರ ಬೇಡ, ಅದೇ ಒಂದು ಕಾಯಿಲ್.

6146ಬಿ ಈ ವಿಷಯದಲ್ಲಿ ಸಾಧು. ಕ್ಯಾಥೋಡಿಗೇ ಮೂರು ಪಿನ್ ಕೊಟ್ಟಿದ್ದಾರೆ, ಮೈಯೂ ಗಿಡ್ಡ. ಅದರ ಎಂಟು ಪಿನ್ನಿನ ಆಕ್ಟಲ್ ಸಾಕೆಟ್ ಎಲ್ಲಿ ಬೇಕಾದರೂ ಸಿಗುತ್ತದೆ. 807ರ ಐದು ಪಿನ್ ಸಾಕೆಟ್‌ಗೆ ಅಂಗಡಿ ಅಂಗಡಿ ಅಲೆಯಬೇಕು. ಆದರೆ ಬರೀ 6146ಕ್ಕೆ ಮಾಡಿದ ಹಳೇ ಸೆಟ್ಟಿಗೆ "ಎರಡೂ ಒಂದೇ ಸಾರ್" ಅಂತ 6146ಬಿ ಕೊಟ್ಟರೆ ನಂಬಬೇಡಿ. ಕೆಲವು ಸೆಟ್ಟುಗಳಲ್ಲಿ ನ್ಯೂಟ್ರಲೈಸೇಷನ್, ಅಂದರೆ ವಾಲ್ವ್ ತಾನಾಗಿ ಆಸಿಲೇಟ್ ಆಗದಂತೆ ಮಾಡುವ ಹೊಂದಾಣಿಕೆ, ಸರಿಹೋಗುವುದೇ ಇಲ್ಲ.

ಹತ್ತು, ಹದಿನೈದು ಮೀಟರಿನಂಥ ಇನ್ನೂ ಮೇಲಿನ ಫ್ರೀಕ್ವೆನ್ಸಿಯಲ್ಲಿ ಜಾಸ್ತಿ ಕೆಲಸ ಮಾಡುವವರು 6146ಬಿ ತೊಗೊಳ್ಳಿ. ನಾನು ರಾತ್ರಿ ನಲವತ್ತು ಮೀಟರ್ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ. 807ರ ಹೀಟರ್ ಕೇಳುವುದು 0.9 ಆಂಪಿಯರ್, ಮನೆಯಲ್ಲಿದ್ದ ಹಳೇ ರೇಡಿಯೋ ಟ್ರಾನ್ಸ್‌ಫಾರ್ಮರ್‌ಗೆ ಅಷ್ಟೇನೂ ಭಾರವಲ್ಲ. ಸುಮ್ನೆ ಜಾಸ್ತಿ ದುಡ್ಡು ಯಾಕೆ ಸುರಿಯಬೇಕು?

ಕೊಳ್ಳುವಾಗ ಟೋಪಿ ಅಲುಗುತ್ತದಾ ನೋಡಿ. ಗಾಜಿನ ಒಳಗಿನ ಕನ್ನಡಿಯಂಥ ಹೊಳಪು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಬಿಟ್ಟಿ ಕೊಟ್ಟರೂ ಬೇಡ.