ಬಾವಿಗೊಂದು ಪಂಪು, ಬೋರಿಗೊಂದು ಪಂಪು: ಎರಡನ್ನೂ ಮನೆಗೆ ಜೋಡಿಸುವುದು ಹೇಗೆ?

ನಮ್ಮದು ಪುತ್ತೂರು ಕಡೆಯ ಮನೆ. ತೋಟದ ಅಂಚಿನಲ್ಲಿ ಜಂಬಿಟ್ಟಿಗೆ ಕಡಿದು ತೋಡಿದ ಹಳೇ ಬಾವಿ, ಪಕ್ಕದಲ್ಲೇ ಬೋರ್. ಬಾವಿಗೆ ಅರ್ಧ ಎಚ್‌ಪಿ ಮೋನೋಬ್ಲಾಕ್ (ಮೇಲೆ ಕೂತು ನೀರು ಎಳೆಯುವ ಪಂಪು), ಬೋರಿಗೆ ಒಂದೂವರೆ ಎಚ್‌ಪಿ ಸಬ್‌ಮರ್ಸಿಬಲ್ (ನೀರಿನಲ್ಲೇ ಮುಳುಗಿ ಓಡುವ ಪಂಪು). ಎರಡೂ ಸಿಂಗಲ್ ಫೇಸ್. ಮಳೆ ಶುರುವಾದರೆ ಮಾರ್ಚ್‌ವರೆಗೆ ಬಾವಿಯೊಂದೇ ಸಾಕು. ಏಪ್ರಿಲ್, ಮೇನಲ್ಲಿ ಬಾವಿಯ ತಳ ಕಾಣುತ್ತದೆ, ಆಗ ಬೋರ್ ಬೇಕೇ ಬೇಕು. ಇಂಥ ಎರಡು ಪಂಪಿನ ಮನೆಗಳು ಈಗ ನಮ್ಮ ಕಡೆ ತುಂಬಾ. ಎರಡನ್ನೂ ಒಂದೇ ಪೈಪಿಗೆ ಸೇರಿಸಬಹುದಾ, ಬೇರೆ ಬೇರೆ ಪೈಪ್ ಎಳೆಯಬೇಕಾ, ಇಲ್ಲ ನೆಲದಲ್ಲೊಂದು ಟ್ಯಾಂಕ್ ಇಡಬೇಕಾ? ಮೂರನ್ನೂ ಇದೇ ಮನೆಯಲ್ಲಿ ಓಡಿಸಿ ನೋಡಿದ್ದೇನೆ.

ಮೊದಲನೆಯದು ಒಂದೇ ಪೈಪು. ಬಾವಿಯಿಂದ ಮನೆಯ ಮೇಲಿನ ಟ್ಯಾಂಕಿಗೆ ಸುಮಾರು 60 ಮೀಟರ್ ಒಂದಿಂಚಿನ ಪೈಪ್ ಮೊದಲೇ ಇತ್ತು. ಬೋರಿನ ಪೈಪನ್ನು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಅದಕ್ಕೆ ಸೇರಿಸಿದೆವು. ಎರಡೂ ಪಂಪಿಗೆ ಒಂದೊಂದು ಎನ್‌ಆರ್‌ವಿ, ಅಂದರೆ ನೀರನ್ನು ಹಿಂದಕ್ಕೆ ಬಿಡದ ವಾಲ್ವ್. ಅರ್ಧ ದಿನದ ಕೆಲಸ, ಖರ್ಚೂ ಕಡಿಮೆ. ಪ್ಲಂಬರ್‌ಗಳು ಹೆಚ್ಚಾಗಿ ಹೇಳುವುದೂ ಇದನ್ನೇ.

ಆದರೆ ಎರಡೂ ಪಂಪು ಒಟ್ಟಿಗೆ ಹಾಕಿದರೆ ಎರಡರ ನೀರೂ ಬರುತ್ತದೆ ಅಂದುಕೊಂಡರೆ ಅದು ಆಗುವುದಿಲ್ಲ. ಟೀ ಹತ್ತಿರ ಒಂದು ಪ್ರೆಶರ್ ಗೇಜ್ ಕೂರಿಸಿ ನೋಡಿದೆ. ಪಂಪು ನಿಂತಾಗ ಮುಳ್ಳು (ಚದರ ಸೆಂಟಿಮೀಟರಿಗೆ) 1.2 ಕೆಜಿಯಲ್ಲಿ ಇರುತ್ತದೆ. ಅಂದರೆ ಟ್ಯಾಂಕಿನ ಎತ್ತರ ಸುಮಾರು 12 ಮೀಟರ್. ಬೋರ್ ಹಾಕಿದ ಕೂಡಲೇ ಅದು 2 ಕೆಜಿಗೆ ಏರುತ್ತದೆ. ಬೋರಿನ ಪಂಪಿಗೆ ಅದು ಲೆಕ್ಕಕ್ಕೇ ಇಲ್ಲ, ಸ್ಟೇಜ್ ಮೇಲೆ ಸ್ಟೇಜ್ (ನೀರು ತಳ್ಳುವ ಚಕ್ರಗಳ ಸಾಲು) ಇಟ್ಟು ಎತ್ತುವ ಪಂಪು ಅದು. ಅರ್ಧ ಎಚ್‌ಪಿ ಮೋನೋಬ್ಲಾಕ್‌ಗೆ ಮಾತ್ರ ಬಾವಿಯಿಂದ ಎಳೆಯುವ ಎತ್ತರವೂ ಸೇರಿ ಅಲ್ಲಿಗೆ ಶಕ್ತಿ ಮುಗಿದಿರುತ್ತದೆ. ಅದರ ಎನ್‌ಆರ್‌ವಿ ಹೆಚ್ಚುಕಡಿಮೆ ತೆರೆಯುವುದೇ ಇಲ್ಲ. ಮೋಟರ್ ತಿರುಗುತ್ತದೆ, ಕರೆಂಟ್ ತಿನ್ನುತ್ತದೆ, ಒಳಗಿರುವ ಅಷ್ಟೇ ನೀರನ್ನು ಕಲಕಿ ಕಲಕಿ ಬಿಸಿ ಮಾಡುತ್ತದೆ. ಸ್ವಲ್ಪ ಹೊತ್ತಿಗೇ ಪಂಪಿನ ಮೈ ಮುಟ್ಟಲಾಗದಷ್ಟು ಕಾದಿತ್ತು. ಹಾಗೇ ಬಿಟ್ಟರೆ ನೀರು ಸೋರದಂತೆ ತಡೆಯುವ ಸೀಲ್ ಹೋಗುವುದು ಖಂಡಿತ.

ಇದಕ್ಕೆ ಕಾರಣ ಪೈಪಿನೊಳಗಿನ ಉಜ್ಜಾಟ. ಅದೇ ಪೈಪಿನಲ್ಲಿ ಎರಡು ಪಟ್ಟು ನೀರು ಹೋಗಬೇಕಾದರೆ ಉಜ್ಜಾಟದ ನಷ್ಟ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಒಂದಿಂಚಿನ ಪೈಪಿನಲ್ಲಿ ನಿಮಿಷಕ್ಕೆ 45 ಲೀಟರ್ ಆರಾಮಾಗಿ ಹೋಗುತ್ತದೆ, ಒಂದೂಕಾಲು ಇಂಚಿನದ್ದರಲ್ಲಿ 70. ಅದಕ್ಕಿಂತ ಜಾಸ್ತಿ ತಳ್ಳಿದರೆ ನೀರಿನ ಬದಲು ಒತ್ತಡವೇ ಏರುತ್ತದೆ. ನಮ್ಮಲ್ಲಿ 1000 ಲೀಟರ್ ಟ್ಯಾಂಕ್ ತುಂಬಲು ಬೋರ್ ಒಂದಕ್ಕೇ ಇಪ್ಪತ್ತು ನಿಮಿಷದ ಮೇಲೆ ಚೂರು ಹಿಡಿಯುತ್ತಿತ್ತು. ಎರಡೂ ಓಡಿಸಿದರೆ ಇಪ್ಪತ್ತೇ ನಿಮಿಷ. ಲಾಭ ಇಷ್ಟೇ.

ಚೇಂಜ್‌ಓವರ್ ಸ್ವಿಚ್ ಹಾಕಿ ಒಂದು ಸಲಕ್ಕೆ ಒಂದೇ ಪಂಪು ಓಡುವ ಹಾಗೆ ಮಾಡಿದರೆ ಈ ತೊಂದರೆ ಇಲ್ಲ. ಬಾಡಿಗೆ ಮನೆಗೆ, ಕೈಯಲ್ಲಿ ದುಡ್ಡು ಕಮ್ಮಿ ಇರುವಾಗ ಅದು ಸಾಕು ಅಂತಲೇ ಹೇಳುತ್ತೇನೆ. ಆದರೆ ಒಂದು ಅಪಾಯ ಹಾಗೇ ಉಳಿಯುತ್ತದೆ. ಒಂದು ಸಂಜೆ ಬೋರ್ ಓಡುತ್ತಿತ್ತು, ಟ್ಯಾಂಕ್ ತುಂಬುತ್ತಲೇ ಇರಲಿಲ್ಲ. ಬಾವಿ ಕಡೆ ಹೋದರೆ ಒಳಗಿನಿಂದ ನೀರು ನುಗ್ಗುವ ಸದ್ದು. ಬಾವಿಯ ಎನ್‌ಆರ್‌ವಿಯಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡಿತ್ತು, ಬಾವಿಯೊಳಗಿನ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವಿನ ರಬ್ಬರ್ ಸವೆದಿತ್ತು. ಬೋರ್ ತನ್ನ ನೀರನ್ನು ಮೋನೋಬ್ಲಾಕ್ ಮೂಲಕ ಹಾಯಿಸಿ ನೇರ ಕುಡಿಯುವ ಬಾವಿಗೇ ಸುರಿಯುತ್ತಿತ್ತು. ನಮ್ಮ ಬೋರಿನ ನೀರಿನಲ್ಲಿ ಕಬ್ಬಿಣ ಇದೆ. ಬಾವಿಯದು ಎಳನೀರಿನ ಹಾಗೆ ತಿಳಿ. ಆ ಎರಡನ್ನು ಬಾವಿಯೊಳಗೇ ಬೆರೆಸುವುದು ಅಂದರೆ ನನಗೆ ಸಂಕಟ ಆಗುತ್ತದೆ.

ಎರಡನೆಯದು ಬೇರೆ ಬೇರೆ ಪೈಪು. ಹತ್ತು ಲೆಂತ್ ಪೈಪ್ ಹೆಚ್ಚಿಗೆ ಬೇಕಾಯಿತು, ಚರಂಡಿ ತೋಡುವ ಕೂಲಿ ಬೇರೆ. ಆದರೆ ಎರಡೂ ಪೈಪು ಟ್ಯಾಂಕಿನ ಬಾಯಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ ಗಾಳಿಯಲ್ಲಿ ತೆರೆದುಕೊಳ್ಳುತ್ತವೆ. ಒಂದು ಪಂಪಿನ ಒತ್ತಡ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ. ಎರಡನ್ನೂ ಓಡಿಸಿದರೆ ಅದೇ 1000 ಲೀಟರ್ ಹನ್ನೆರಡು ನಿಮಿಷಕ್ಕೆ ತುಂಬುತ್ತದೆ. ಒಂದರ ವಾಲ್ವ್ ಕೆಟ್ಟರೂ ಇನ್ನೊಂದರ ನೀರು ಹಿಂದಕ್ಕೆ ಹೋಗಲು ದಾರಿಯಿಲ್ಲ. ಯಾವ ಪಂಪು ನೀರು ಕೊಡುತ್ತಿಲ್ಲ ಅಂತ ಮುಚ್ಚಳ ತೆಗೆದರೆ ಕಣ್ಣಿಗೇ ಕಾಣುತ್ತದೆ. ಇದು ಸಣ್ಣ ವಿಷಯ ಅಲ್ಲ. ಒಂದೇ ಪೈಪಿನಲ್ಲಿ ಇದನ್ನು ಕಂಡುಹಿಡಿಯುವುದಕ್ಕೇ ಗಂಟೆಗಟ್ಟಲೆ ಹೋಗುತ್ತಿತ್ತು.

ಕರೆಂಟಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮೋಟರ್ ಶುರುವಾಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಸಂಜೆ ನಮ್ಮಲ್ಲಿ ವೋಲ್ಟೇಜ್ 180ಕ್ಕೆ ಇಳಿಯುವುದುಂಟು. ಆಗ ಎರಡನ್ನೂ ಒಟ್ಟಿಗೆ ಹಾಕಿದರೆ ಬೋರ್ ಮೋಟರ್ ಗುಂಯ್ ಅಂತ ನಿಂತೇಬಿಡುತ್ತದೆ. ಒಂದು ಪಂಪಿಗೆ ಟೈಮರ್ ಹಾಕಿ ಅರ್ಧ ನಿಮಿಷ ತಡವಾಗಿ ಶುರುವಾಗುವಂತೆ ಮಾಡಿದ್ದೇನೆ.

ಮೂರನೆಯದು ನೆಲದ ಟ್ಯಾಂಕು. ಬೋರಿನ ನೀರನ್ನು ಮೊದಲು ಅದಕ್ಕೆ ಬಿಟ್ಟು, ಅಲ್ಲಿಂದ ಸಣ್ಣ ಪಂಪಿನಲ್ಲಿ ಮೇಲಕ್ಕೆ. ಪಂಪು ಒಂದು ಜಾಸ್ತಿ, ಜಾಗವೂ ಬೇಕು. ಆದರೆ ಕಬ್ಬಿಣದ ನೀರಿಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಬೋರಿನಿಂದ ಬರುವಾಗ ತಿಳಿಯಾಗಿರುವ ನೀರು ಗಾಳಿ ತಾಗಿದ ಮೇಲೆ ಕೆಂಪಾಗುತ್ತದೆ. ಮೇಲಿಂದ ಧಾರೆಯಾಗಿ ಬೀಳಿಸಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ತಳದಲ್ಲಿ ತೆಳ್ಳಗೆ ಕೆಂಪು ರಾಡಿ. ಅದೆಲ್ಲ ಬಟ್ಟೆಗೆ, ಗೀಸರಿಗೆ ಹೋಗುವುದು ತಪ್ಪಿತಲ್ವಾ? ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣ ಇರಬಾರದು ಅಂತ ಭಾರತೀಯ ಮಾನಕ 10500 ಹೇಳುತ್ತದೆ. ಹಾಗಾಗಿ ನೆಲದ ಟ್ಯಾಂಕಿನ ನೀರನ್ನೂ ಪರೀಕ್ಷೆ ಮಾಡಿಸದೆ ಅಡುಗೆಗೆ ಬಳಸಬೇಡಿ. ಬೋರ್ ಸ್ವಲ್ಪ ಸ್ವಲ್ಪವೇ ನೀರು ಕೊಡುವ ಕಡೆಗೂ ಇದೇ ಸರಿ. ಡ್ರೈ ರನ್ ಕಟ್ (ನೀರಿಲ್ಲದಾಗ ಪಂಪನ್ನು ತಾನೇ ನಿಲ್ಲಿಸುವ ಸಾಧನ) ಇಟ್ಟು ಬಿಟ್ಟು ಬಿಟ್ಟು ಓಡಿಸಬಹುದು.

ಈಗ ನಮ್ಮಲ್ಲಿ ಇರುವುದು ಎರಡನೆಯದು, ಬೇಸಿಗೆಯಲ್ಲಿ ಮೂರನೆಯದೂ ಜೊತೆಗೆ. ಎರಡು ಮೂಲ ಇರುವ ಯಾರಿಗೇ ಆದರೂ ಬೇರೆ ಪೈಪನ್ನೇ ಹೇಳುತ್ತೇನೆ.

ಟ್ಯಾಂಕಿನ ನೀರಿನ ಮಟ್ಟ ನೋಡಿ ಪಂಪು ಹಾಕುವ, ನಿಲ್ಲಿಸುವ ಫ್ಲೋಟ್ ಸ್ವಿಚ್ ಕೂಡ ಒಂದೊಂದು ಪಂಪಿಗೆ ಒಂದೊಂದು ಇರಲಿ, ಬೇರೆ ಬೇರೆ ಎತ್ತರದಲ್ಲಿ. ಟ್ಯಾಂಕ್ ಕಾಲು ಭಾಗ ಖಾಲಿಯಾದಾಗ ಬಾವಿ ಪಂಪು ಶುರು. ಅದು ಸಾಲದೆ ಮುಕ್ಕಾಲು ಖಾಲಿಯಾದರೆ ಮಾತ್ರ ಬೋರ್. ಗಂಟೆಗೆ ಬಾವಿಯದು ಅರ್ಧ ಯೂನಿಟ್ ಚಿಲ್ಲರೆ ತಿಂದರೆ ಬೋರಿನದು ಒಂದೂವರೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ಆ ಲೆಕ್ಕದಲ್ಲೂ ಬಾವಿಗೇ ಮೊದಲ ಸರದಿ. ಬೇಸಿಗೆಯಲ್ಲಿ ಬಾವಿಯ ನೀರು ಪಂಪಿಗಿಂತ ಆರೇಳು ಮೀಟರ್ ಕೆಳಗೆ ಹೋದರೆ ಮೋನೋಬ್ಲಾಕ್ ಎಳೆಯುವುದಿಲ್ಲ. ಆಗ ಅದರ ಸ್ವಿಚ್ ತೆಗೆದು, ಬೋರಿನ ಫ್ಲೋಟನ್ನು ಒಂದಡಿ ಮೇಲೆ ಕಟ್ಟಿದರೆ ಆಯಿತು.